ಅನಾಥರ ತಾಯಿ ಪಂಡಿತಾ ರಮಾಬಾಯಿ

ಮಕ್ಕಳೇ, ಸೊಲ್ಲಾಪುರದಿಂದ ಪುಣೆಗೆ ರೈಲಿನಲ್ಲಿ ಹೋಗುವಾಗ ದೌಂಡ ದಾಟಿದ ಮೇಲೆ ಕೇಡಗಾವ ಎಂಬ ನಿಲ್ದಾಣ ಬರುತ್ತದೆ. ಎಷ್ಟೋ ಗಾಡಿಗಳು ಅಲ್ಲಿ ನಿಲ್ಲದೆ ಮುಂದೆ ಹೋಗುತ್ತವೆ. ಆದರೆ ನೂರು ವರ್ಷಗಳಿಗೂ ಹಿಂದೆ ಹಸಿದವರು, ಅನಾಥರು, ಮನೆಯವರಿಂದ ದೂರವಾದವರು ಆ ಊರಿನ ದಾರಿ ಹಿಡಿಯುತ್ತಿದ್ದರು. ಸುಮಾರು ಎರಡು ಸಾವಿರ ಹೆಂಗಸರು ಮತ್ತು ಮಕ್ಕಳು ಅಲ್ಲಿ ಒಂದೇ ಮನೆಯವರಂತೆ ಬಾಳುತ್ತಿದ್ದರು. ಆ ದೊಡ್ಡ ಮನೆಯ ಹೆಸರು ಮುಕ್ತಿ. ಅದನ್ನು ಕಟ್ಟಿದವರು ಪಂಡಿತಾ ರಮಾಬಾಯಿ. ಅವರು ಹುಟ್ಟಿದ್ದು ಕನ್ನಡ ನಾಡಿನಲ್ಲಿ, ದುಡಿದದ್ದು ಮಹಾರಾಷ್ಟ್ರದಲ್ಲಿ. ಅವರ ಜೀವನದ ಕಥೆಯನ್ನು ಈ ಪಾಠದಲ್ಲಿ ತಿಳಿಯೋಣ.

ಕಾಡಿನಲ್ಲಿ ಕಲಿತ ಪಾಠ

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ದೊಡ್ಡ ಸಂಸ್ಕೃತ ವಿದ್ವಾಂಸರು. ಅವರು ಹುಡುಗರಾಗಿದ್ದಾಗ ಪುಣೆಯಲ್ಲಿ ಓದುತ್ತಿದ್ದರು. ಅವರ ಗುರುಗಳು ಪೇಶ್ವೆಯವರ ಹೆಂಡತಿಗೆ ಸಂಸ್ಕೃತ ಕಲಿಸುತ್ತಿದ್ದರು. ಹೆಂಗಸರು ಅಕ್ಷರ ಕಲಿಯುವುದೇ ಅಪರೂಪವಾಗಿದ್ದ ಕಾಲ ಅದು. ಹೆಣ್ಣುಮಗಳೊಬ್ಬಳು ಸಂಸ್ಕೃತ ಶ್ಲೋಕ ಹೇಳುವುದನ್ನು ಕಂಡು ಅನಂತಶಾಸ್ತ್ರಿಗಳಿಗೆ ಆಶ್ಚರ್ಯವಾಯಿತು. ತಾನೂ ತನ್ನ ಹೆಂಡತಿಗೆ ಹೀಗೆಯೇ ಕಲಿಸಬೇಕು ಎಂದು ಅವರು ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡರು.

ಮುಂದೆ ಅವರು ಹೆಂಡತಿ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತ ಕಲಿಸಿದರು. ಇದು ಅಂದಿನ ಹಿರಿಯರಿಗೆ ಸರಿಬೀಳಲಿಲ್ಲ. ಶಾಸ್ತ್ರಿಗಳು ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು, ಹೆಂಗಸರು ಓದಬಾರದೆಂದು ಶಾಸ್ತ್ರದಲ್ಲಿಲ್ಲ ಎಂದು ವಾದಿಸಬೇಕಾಯಿತು. ತಮ್ಮ ಮನಸ್ಸಿಗೆ ಸರಿಯೆನಿಸಿದ್ದನ್ನು ಅವರು ಬಿಡಲಿಲ್ಲ. ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿಕೊಂಡು, ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತ ಬಾಳಿದರು. ತುಂಗಾ, ಭದ್ರಾ ನದಿಗಳು ಹುಟ್ಟುವುದು ಆ ಸೀಮೆಯಲ್ಲಿಯೇ. 1858ನೆಯ ಏಪ್ರಿಲ್ 23ರಂದು ರಮಾ ಹುಟ್ಟಿದಳು. ಅಣ್ಣ ಶ್ರೀನಿವಾಸ, ಅಕ್ಕ ಕೃಷ್ಣಾಬಾಯಿ. ರಮಾ ಮನೆಗೆ ಕಿರಿಯ ಮಗಳು.

ಮನೆಗೆ ಬಂದವರಿಗೆಲ್ಲ ಅನ್ನ ಹಾಕುತ್ತಿದ್ದ ಶಾಸ್ತ್ರಿಗಳ ಕೈ ಬರಿದಾಯಿತು. ರಮಾ ಆರು ತಿಂಗಳ ಕೂಸಾಗಿದ್ದಾಗ ಆ ಕುಟುಂಬ ಕಾಡಿನ ಮನೆಯನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬುಟ್ಟಿಯಲ್ಲಿ ಮಲಗಿಸಿ, ಆಳೊಬ್ಬನು ತಲೆಯ ಮೇಲೆ ಹೊತ್ತು ನಡೆದನು. ಊರಿಂದ ಊರಿಗೆ, ಕ್ಷೇತ್ರದಿಂದ ಕ್ಷೇತ್ರಕ್ಕೆ ಅವರ ಬದುಕು ನಡೆಯಿತು. ದೇವಸ್ಥಾನಗಳಲ್ಲಿ ಪುರಾಣ ಓದುವುದು, ಜನ ಕೊಟ್ಟದ್ದರಲ್ಲಿ ಊಟ ಮಾಡುವುದು, ಉಳಿದದ್ದನ್ನು ದಾನ ಮಾಡುವುದು ಅವರ ದಿನಚರಿಯಾಗಿತ್ತು.

ರಮಾ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ತಾಯಿಯೇ ಆಕೆಗೆ ಗುರು. ಲಕ್ಷ್ಮೀಬಾಯಿ ಮಗಳನ್ನು ಹತ್ತಿರ ಕೂಡಿಸಿಕೊಂಡು ಶ್ಲೋಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಹೀಗೆ ರಮಾ ಭಾಗವತದ ಸಾವಿರಾರು ಶ್ಲೋಕಗಳನ್ನು ಕಲಿತಳು. ಮನೆಮಾತು ಮರಾಠಿ. ಯಾತ್ರೆಯಲ್ಲಿ ಊರೂರು ತಿರುಗಿದ್ದರಿಂದ ಕನ್ನಡ ಮತ್ತು ಹಿಂದೂಸ್ತಾನಿ ಮಾತುಗಳೂ ಅವಳಿಗೆ ಬಂದವು.

ಬರಗಾಲದ ದಿನಗಳು

ಅಷ್ಟರಲ್ಲಿ ದಕ್ಷಿಣ ದೇಶದಲ್ಲಿ ಭೀಕರ ಬರಗಾಲ ಬಂದಿತು. ಕಾಳು ಸಿಗದಾಯಿತು. ಪುರಾಣ ಕೇಳುವವರೂ ಇಲ್ಲ, ಕಾಣಿಕೆ ಕೊಡುವವರೂ ಇಲ್ಲ. ಶಾಸ್ತ್ರಿಗಳ ಕುಟುಂಬದವರಿಗೆ ಪುರಾಣ ಓದುವುದರ ಹೊರತು ಬೇರೆ ಕೆಲಸ ತಿಳಿದಿರಲಿಲ್ಲ. ಇದ್ದ ಒಡವೆ, ಪಾತ್ರೆಗಳೆಲ್ಲ ಮಾರಿಹೋದವು. ಕೊನೆಗೆ ಕಾಡಿನ ಎಲೆಗಳನ್ನು ತಿಂದು ದಿನ ಕಳೆಯಬೇಕಾಯಿತು.

1874ರಲ್ಲಿ ತಂದೆ ತೀರಿಕೊಂಡರು. ಆಗ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಸಾಯುವ ಮೊದಲು ಅವರು ಕಿರಿಯ ಮಗಳನ್ನು ಹತ್ತಿರ ಕರೆದು ತಬ್ಬಿಕೊಂಡರು. ಆಕೆಯನ್ನು ದೇವರ ಕೈಗೆ ಒಪ್ಪಿಸಿರುವುದಾಗಿಯೂ ಆಕೆ ಜೀವನವಿಡೀ ದೇವರ ಸೇವೆ ಮಾಡಬೇಕೆಂದೂ ಹೇಳಿದರು. ಈ ಮಾತನ್ನು ರಮಾ ಎಂದೂ ಮರೆಯಲಿಲ್ಲ.

ಕೆಲವೇ ದಿನಗಳಲ್ಲಿ ರಾಯಚೂರಿನಲ್ಲಿ ತಾಯಿಯೂ ಹಾಸಿಗೆ ಹಿಡಿದರು. ಅವರಿಗೆ ಒಂದು ತುತ್ತು ಅನ್ನ ಬೇಕಾಗಿತ್ತು. ರಮಾ ನೆರೆಯ ಮನೆಯೊಂದರ ಬಾಗಿಲಿಗೆ ಹೋಗಿ ನಿಂತಳು. ಬೇಡಲು ಬಾಯಿ ಬರಲಿಲ್ಲ. ಆ ಮನೆಯ ಗೃಹಿಣಿ ಪ್ರೀತಿಯಿಂದ ವಿಚಾರಿಸಿದಾಗ ಒಂದು ಸಜ್ಜೆಯ ರೊಟ್ಟಿ ಸಿಕ್ಕರೆ ಸಾಕು ಎಂದಷ್ಟೇ ಕೇಳಿದಳು. ರೊಟ್ಟಿ ದೊರೆಯಿತು. ದುಃಖದಿಂದ ಗಂಟಲು ಕಟ್ಟಿದ್ದರಿಂದ ಉಪಕಾರ ನೆನೆಯುವ ಒಂದು ಮಾತೂ ಹೊರಡಲಿಲ್ಲ. ರಮಾ ತಾಯಿಯ ಬಳಿಗೆ ಓಡಿ ಬಂದಳು. ಆದರೆ ತಾಯಿಗೆ ಅದನ್ನು ತಿನ್ನುವ ಶಕ್ತಿಯೂ ಉಳಿದಿರಲಿಲ್ಲ.

ತಾಯಿ ತೀರಿಕೊಂಡಾಗ ಹೆಣ ಹೊರಲು ಜನ ಮುಂದೆ ಬರಲಿಲ್ಲ. ಕೊನೆಗೆ ಇಬ್ಬರು ಕನಿಕರಪಟ್ಟರು. ಅವರ ಜೊತೆಗೆ ಅಣ್ಣ ತಂಗಿ ಇಬ್ಬರೂ ಚಟ್ಟಕ್ಕೆ ಕೈ ಕೊಟ್ಟರು. ಉಳಿದವರು ಹೆಗಲ ಮೇಲೆ ಹೊತ್ತರು. ರಮಾ ಗಿಡ್ಡವಾಗಿದ್ದುದರಿಂದ ಹೆಗಲಿಗೆ ಎಟುಕದೆ ತಲೆಯ ಮೇಲೆ ಹೊತ್ತಳು. ಸುಡುಗಾಡು ಮೂರು ಮೈಲಿ ದೂರವಿತ್ತು. ಕೆಲ ಕಾಲದ ಮೇಲೆ ಅಕ್ಕನೂ ತೀರಿಕೊಂಡಳು.

ಉಳಿದವರು ಅಣ್ಣ ತಂಗಿ ಇಬ್ಬರೇ. ಅವರು ಸಾವಿರಾರು ಮೈಲಿ ನಡೆದರು. ಹೊದೆಯಲು ಬಟ್ಟೆಯಿಲ್ಲದೆ, ಪಂಜಾಬಿನ ಝೇಲಂ ನದಿಯ ದಂಡೆಯಲ್ಲಿ ಮರಳಿನಲ್ಲಿ ಗುಂಡಿ ತೋಡಿ, ಕುತ್ತಿಗೆಯವರೆಗೂ ಒಣ ಮರಳು ಮುಚ್ಚಿಕೊಂಡು ಚಳಿಯ ರಾತ್ರಿಗಳನ್ನು ಕಳೆದರು. ಹಸಿವು ಎಂದರೇನು, ಕೈಹಿಡಿಯುವವರಿಲ್ಲದೆ ಇರುವುದು ಎಂದರೇನು ಎಂಬುದನ್ನು ರಮಾ ಪುಸ್ತಕದಿಂದ ಕಲಿಯಲಿಲ್ಲ.

ಪಂಡಿತಾ ಎಂಬ ಬಿರುದು

1878ರಲ್ಲಿ ಅಣ್ಣ ತಂಗಿ ಕಲಕತ್ತೆಯನ್ನು ಸೇರಿದರು. ಇಪ್ಪತ್ತು ವರ್ಷದ ಹೆಣ್ಣುಮಗಳು ಸಂಸ್ಕೃತದಲ್ಲಿ ಸುಲಲಿತವಾಗಿ ಮಾತನಾಡುವುದನ್ನು ಕೇಳಿ ಅಲ್ಲಿಯ ವಿದ್ವಾಂಸರು ಬೆರಗಾದರು. ಅವರು ಆಕೆಯನ್ನು ಪರೀಕ್ಷಿಸಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟು ಗೌರವಿಸಿದರು. ನಿನ್ನೆಯವರೆಗೆ ಮರಳಿನಲ್ಲಿ ಮಲಗುತ್ತಿದ್ದವಳ ಹೆಸರು ದೇಶದಲ್ಲೆಲ್ಲ ಹರಡಿತು.

ರಮಾಬಾಯಿ ಬಂಗಾಲದ ಊರುಗಳಲ್ಲಿ ಹೆಣ್ಣುಮಕ್ಕಳ ವಿದ್ಯೆಯ ಬಗೆಗೆ ಭಾಷಣ ಮಾಡಿದರು. 1880ರಲ್ಲಿ ಅಣ್ಣ ಶ್ರೀನಿವಾಸರು ತೀರಿಕೊಂಡರು. ಅದೇ ವರ್ಷ ರಮಾಬಾಯಿ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಲಿ ವಕೀಲರನ್ನು ಮದುವೆಯಾದರು. ಅವರದು ಬೇರೆ ಜಾತಿ. ಜಾತಿಯನ್ನು ಮೀರಿ ಮದುವೆಯಾಗುವುದು ಆಗ ಬಹಳ ಧೈರ್ಯದ ಕೆಲಸವಾಗಿತ್ತು. 1881ರಲ್ಲಿ ಅವರಿಗೆ ಮನೋರಮಾ ಎಂಬ ಮಗಳು ಹುಟ್ಟಿದಳು. ಆದರೆ ಸುಖ ಹೆಚ್ಚು ದಿನ ಉಳಿಯಲಿಲ್ಲ. 1882ರ ಫೆಬ್ರುವರಿಯಲ್ಲಿ ಗಂಡ ಕಾಲರಾ ಬೇನೆಯಿಂದ ತೀರಿಕೊಂಡರು. ರಮಾಬಾಯಿ ಇಪ್ಪತ್ತನಾಲ್ಕು ತುಂಬುವ ಮೊದಲೇ ವಿಧವೆಯಾದರು.

ಆ ಕಾಲದಲ್ಲಿ ಮೇಲುಜಾತಿಯ ವಿಧವೆಯರ ಬಾಳು ಬಹಳ ಕಷ್ಟದ್ದಾಗಿತ್ತು. ಎಂಟು ಹತ್ತು ವರ್ಷದ ಹುಡುಗಿಯರಿಗೆ ಮದುವೆಯಾಗುತ್ತಿತ್ತು. ಗಂಡ ಸತ್ತರೆ ಆ ಮಗುವಿನ ತಲೆ ಬೋಳಿಸುತ್ತಿದ್ದರು. ಒಳ್ಳೆಯ ಬಟ್ಟೆ, ಹಬ್ಬದ ಊಟ, ಆಟ ಯಾವುದೂ ಅವಳಿಗೆ ಇಲ್ಲ. ಅವಳ ಮುಖ ನೋಡುವುದೇ ಅಪಶಕುನವೆಂದು ಜನ ತಿಳಿಯುತ್ತಿದ್ದರು. ಇಂತಹ ಮಕ್ಕಳಿಗಾಗಿ ಏನಾದರೂ ಮಾಡಬೇಕು ಎಂಬ ವಿಚಾರ ರಮಾಬಾಯಿಯವರಲ್ಲಿ ಬೇರೂರಿತು.

ಅವರು ಕೈಗೂಸಿನೊಂದಿಗೆ ಪುಣೆಗೆ ಬಂದು 1882ರಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದೇ ವರ್ಷ ಶಿಕ್ಷಣದ ಸ್ಥಿತಿಯನ್ನು ತಿಳಿಯಲು ಸರಕಾರ ನೇಮಿಸಿದ್ದ ಹಂಟರ್ ಆಯೋಗದ ಮುಂದೆ ಸಾಕ್ಷಿ ನುಡಿದರು. ಹೆಣ್ಣುಮಕ್ಕಳಿಗೆ ಕಲಿಸಲು ಶಿಕ್ಷಕಿಯರು ಬೇಕು, ಹೆಂಗಸರ ಬೇನೆಗಳನ್ನು ನೋಡಲು ಹೆಂಗಸರೇ ವೈದ್ಯರಾಗಬೇಕು ಎಂಬುದು ಅವರ ಬೇಡಿಕೆಯಾಗಿತ್ತು.

ಹೊಸ ನಂಬಿಕೆ

ತಾವೇ ವೈದ್ಯಕೀಯ ಕಲಿಯಬೇಕು ಎಂದು ರಮಾಬಾಯಿ 1883ರಲ್ಲಿ ಇಂಗ್ಲೆಂಡಿಗೆ ಹೊರಟರು. ತಾವು ಮರಾಠಿಯಲ್ಲಿ ಬರೆದ ಸ್ತ್ರೀಧರ್ಮನೀತಿ ಎಂಬ ಪುಸ್ತಕದ ಮಾರಾಟದಿಂದ ಬಂದ ಹಣವೇ ಅವರ ಹಡಗಿನ ಖರ್ಚಿಗೆ ನೆರವಾಯಿತು. ಆದರೆ ಅವರಿಗೆ ಕಿವಿ ಮಂದವಾಗುತ್ತಿತ್ತು. ಆದ್ದರಿಂದ ವೈದ್ಯಕೀಯ ಓದುವ ಆಸೆ ಕೈಗೂಡಲಿಲ್ಲ. ಅವರು ನಿರಾಶರಾಗಿ ಕೂಡಲಿಲ್ಲ. ಇಂಗ್ಲಿಷ್ ಕಲಿತರು. ಚೆಲ್ಟನ್‌ಹ್ಯಾಮ್ ಊರಿನ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದರು.

ಅವರು ಇಳಿದುಕೊಂಡದ್ದು ವಾಂಟೇಜ್ ಎಂಬ ಊರಿನಲ್ಲಿ, ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ. ಆ ಸನ್ಯಾಸಿನಿಯರು ಲಂಡನ್ನಿನಲ್ಲಿ ಒಂದು ಆಶ್ರಯಮನೆಯನ್ನು ನಡೆಸುತ್ತಿದ್ದರು. ದಾರಿ ತಪ್ಪಿದವರೆಂದು ಸಮಾಜ ಹೊರಗೆ ಹಾಕಿದ ಹೆಂಗಸರನ್ನು ಅಲ್ಲಿ ಮಕ್ಕಳಂತೆ ನೋಡಿಕೊಳ್ಳುತ್ತಿದ್ದರು. ಇದನ್ನು ಕಂಡು ರಮಾಬಾಯಿಯವರಿಗೆ ಅಚ್ಚರಿಯಾಯಿತು. ಇವರು ಹೀಗೆ ಮಾಡಲು ಕಾರಣವೇನು ಎಂದು ಅವರು ವಿಚಾರಿಸಿದರು. ಜನ ಕೀಳಾಗಿ ಕಂಡ ಸಮಾರ್ಯದ ಹೆಂಗಸಿನೊಂದಿಗೆ ಯೇಸು ಬಾವಿಯ ಬಳಿ ಕುಳಿತು ಆದರದಿಂದ ಮಾತನಾಡಿದ ಕಥೆಯನ್ನು ಬೈಬಲ್ಲಿನಲ್ಲಿ ಓದಿದರು. ಆ ಕಥೆ ಅವರ ಮನಸ್ಸಿಗೆ ನಾಟಿತು. 1883ನೆಯ ಸೆಪ್ಟೆಂಬರ್ 29ರಂದು ಅವರು ಮಗಳೊಂದಿಗೆ ದೀಕ್ಷಾಸ್ನಾನ ಪಡೆದು ಕ್ರೈಸ್ತ ಧರ್ಮವನ್ನು ಸ್ವೀಕರಿಸಿದರು.

ಇದರಿಂದ ಸ್ವದೇಶದಲ್ಲಿ ಅನೇಕರು ಅಸಮಾಧಾನಗೊಂಡರು. ಆದರೆ ರಮಾಬಾಯಿ ಯಾರನ್ನೋ ಮೆಚ್ಚಿಸಲು ಧರ್ಮ ಬದಲಿಸಿದವರಲ್ಲ. ವಾಂಟೇಜಿನ ಹಿರಿಯರು ಹೇಳಿದ್ದನ್ನೆಲ್ಲ ಅವರು ತಲೆಯಾಡಿಸಿ ಒಪ್ಪಲಿಲ್ಲ. ತಿಳಿಯದ್ದನ್ನು ತಿಳಿಯದೆಂದೂ ಒಪ್ಪದ್ದನ್ನು ಒಪ್ಪುವುದಿಲ್ಲವೆಂದೂ ಪತ್ರ ಬರೆದು ವಾದಿಸಿದರು. ಊಟ ಸಸ್ಯಾಹಾರವೇ ಆಗಿತ್ತು. ಉಡುವುದು ಬಿಳಿಯ ಹತ್ತಿಯ ಸೀರೆಯೇ ಆಗಿತ್ತು. ದೇವರ ಮುಂದೆ ತಲೆಬಾಗುವುದು ಬೇರೆ, ಮನುಷ್ಯರ ಮುಂದೆ ತಲೆಬಾಗುವುದು ಬೇರೆ ಎಂಬುದನ್ನು ಅವರು ನಡೆದು ತೋರಿಸಿದರು.

ಶಾರದಾ ಸದನ

1886ರಲ್ಲಿ ರಮಾಬಾಯಿ ಅಮೆರಿಕಕ್ಕೆ ಹೋದರು. ಆನಂದೀಬಾಯಿ ಜೋಶಿಯವರು ಅಲ್ಲಿ ವೈದ್ಯಕೀಯ ಪದವಿ ಪಡೆಯುವ ಸಮಾರಂಭವನ್ನು ನೋಡುವುದು ಅವರ ಉದ್ದೇಶವಾಗಿತ್ತು. ಅಲ್ಲಿ ಅವರು ಚಿಕ್ಕ ಮಕ್ಕಳಿಗೆ ಆಟದ ಮೂಲಕ ಕಲಿಸುವ ಬಾಲವಾಡಿಯ ಪದ್ಧತಿಯನ್ನು ಅಭ್ಯಾಸ ಮಾಡಿದರು. ಮರಾಠಿ ಮಕ್ಕಳಿಗಾಗಿ ಪಾಠದ ಪುಸ್ತಕಗಳನ್ನು ಸಿದ್ಧಪಡಿಸಿದರು. ನಮ್ಮ ದೇಶದ ಹೆಂಗಸರ ಸ್ಥಿತಿಯ ಬಗೆಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರು. ಊರೂರಿಗೆ ಹೋಗಿ ಭಾಷಣ ಮಾಡಿದರು. 1887ರಲ್ಲಿ ಬೋಸ್ಟನ್ ನಗರದಲ್ಲಿ ಅವರ ಹೆಸರಿನ ಒಂದು ಸಂಘ ಸ್ಥಾಪನೆಯಾಯಿತು. ವಿಧವೆಯರ ಶಾಲೆಗೆ ಹತ್ತು ವರ್ಷ ಹಣದ ನೆರವು ಕೊಡಲು ಆ ಸಂಘ ಒಪ್ಪಿತು.

ಸ್ವದೇಶಕ್ಕೆ ಮರಳಿದ ರಮಾಬಾಯಿ 1889ನೆಯ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವನ್ನು ಆರಂಭಿಸಿದರು. ಮೊದಲ ವಿದ್ಯಾರ್ಥಿನಿಯರಲ್ಲಿ ಗೋದೂಬಾಯಿ ಎಂಬ ಬಾಲವಿಧವೆಯೂ ಒಬ್ಬರು. ಮುಂದೆ 1893ರಲ್ಲಿ ಧೋಂಡೋ ಕೇಶವ ಕರ್ವೆಯವರು ಈ ಗೋದೂಬಾಯಿಯವರನ್ನು ಮದುವೆಯಾದರು. ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಬಾಳು ಸವೆಸಿದ, ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ಮಹರ್ಷಿ ಕರ್ವೆಯವರೇ ಇವರು.

1890ರಲ್ಲಿ ಶಾರದಾ ಸದನ ಪುಣೆಗೆ ಬಂದಿತು. ಅಲ್ಲಿ ಹುಡುಗಿಯರು ತಮ್ಮ ತಮ್ಮ ಧರ್ಮದ ಆಚಾರಗಳನ್ನು ಪಾಲಿಸಬಹುದಾಗಿತ್ತು. ಯಾರ ಮೇಲೂ ಒತ್ತಾಯ ಮಾಡಬಾರದು ಎಂಬುದು ಶಾಲೆಯ ನಿಯಮ. ನ್ಯಾಯಮೂರ್ತಿ ರಾನಡೆ, ಡಾಕ್ಟರ್ ಭಾಂಡಾರಕರ್ ಅವರಂತಹ ದೊಡ್ಡವರು ಸಲಹೆಗಾರರಾಗಿದ್ದರು.

ತೆರೆದ ಬಾಗಿಲು

ಈ ದಿನಗಳಲ್ಲಿ ರಮಾಬಾಯಿಯವರ ಮನಸ್ಸಿನೊಳಗೆ ಒಂದು ತಳಮಳವಿತ್ತು. ಧರ್ಮದ ಪುಸ್ತಕಗಳನ್ನೆಲ್ಲ ಓದಿದರೂ, ವಾದಗಳನ್ನೆಲ್ಲ ತಿಳಿದರೂ ಮನಸ್ಸಿಗೆ ನೆಮ್ಮದಿಯಿರಲಿಲ್ಲ. 1891ರ ಸುಮಾರಿಗೆ ಅವರು ತಮ್ಮ ವಿದ್ಯೆಯ ಬಲವನ್ನು ಬದಿಗಿಟ್ಟು ತಮ್ಮನ್ನು ಪೂರ್ತಿಯಾಗಿ ದೇವರಿಗೆ ಒಪ್ಪಿಸಿಕೊಂಡರು. ಅಂದಿನಿಂದ ಅವರ ಮನಸ್ಸು ಶಾಂತವಾಯಿತು. ತಾವು ಮಾಡುವ ಕೆಲಸ ತಮ್ಮದಲ್ಲ, ದೇವರದು ಎಂದು ಅವರು ತಿಳಿದರು.

ಅವರು ದಿನವೂ ತಮ್ಮ ಕೋಣೆಯಲ್ಲಿ ಮಗಳೊಂದಿಗೆ ಪ್ರಾರ್ಥನೆ ಮಾಡುತ್ತಿದ್ದರು. ಆ ಕೋಣೆಯ ಬಾಗಿಲು ತೆರೆದೇ ಇರುತ್ತಿತ್ತು. ಕೆಲವು ಹುಡುಗಿಯರು ತಾವಾಗಿಯೇ ಬಂದು ಕೂಡತೊಡಗಿದರು. ಈ ಸುದ್ದಿ ಊರಿನಲ್ಲಿ ಹಬ್ಬಿತು. ಶಾಲೆಯ ಹೆಸರಿನಲ್ಲಿ ನಮ್ಮ ಮಕ್ಕಳ ಧರ್ಮ ಬದಲಾಗುತ್ತದೆ ಎಂದು ಪಾಲಕರು ಹೆದರಿದರು. ಪತ್ರಿಕೆಗಳಲ್ಲಿ ಟೀಕೆ ಬಂದಿತು. ಮಕ್ಕಳನ್ನು ನಂಬಿ ಕಳುಹಿಸಿದ ಪಾಲಕರ ಕಳವಳವೂ ಸಣ್ಣದಾಗಿರಲಿಲ್ಲ.

ರಮಾಬಾಯಿ ಒಂದು ಬಾಗಿಲು ಮುಚ್ಚಿದ್ದರೆ ಸಾಕಾಗಿತ್ತು. ಶಾಲೆ ಉಳಿಯುತ್ತಿತ್ತು, ದೊಡ್ಡವರ ಬೆಂಬಲವೂ ಉಳಿಯುತ್ತಿತ್ತು. ಆದರೆ ಅವರ ವಿಚಾರ ಬೇರೆಯಾಗಿತ್ತು. ತಾವು ಯಾರನ್ನೂ ಕರೆದಿಲ್ಲ, ಯಾರನ್ನೂ ಒತ್ತಾಯಿಸಿಲ್ಲ. ಹಾಗೆಯೇ ತಮ್ಮ ನಂಬಿಕೆಯನ್ನು ಕಳ್ಳತನದಿಂದ ಪಾಲಿಸುವುದೂ ಸಾಧ್ಯವಿಲ್ಲ. ಒಳಗೊಂದು, ಹೊರಗೊಂದು ಬದುಕು ಅವರಿಗೆ ಬೇಡವಾಗಿತ್ತು. ಬಾಗಿಲು ತೆರೆದೇ ಉಳಿಯಿತು.

1893ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಪಾಲಕರು ಶಾಲೆಯಿಂದ ಬಿಡಿಸಿಕೊಂಡು ಹೋದರು. ಸಲಹೆಗಾರರು ರಾಜೀನಾಮೆ ಕೊಟ್ಟರು. ಬಹಳ ಶ್ರಮದಿಂದ ಕಟ್ಟಿದ ಶಾಲೆ ಅರ್ಧ ಬರಿದಾದಂತೆ ಕಂಡಿತು. ರಮಾಬಾಯಿಯವರಿಗೆ ನೋವಾಯಿತು. ಆದರೂ ಅವರು ಉಳಿದ ಮಕ್ಕಳ ಪಾಠವನ್ನು ಒಂದು ದಿನವೂ ಮರೆಯಲಿಲ್ಲ. ಮೆಲ್ಲಮೆಲ್ಲಗೆ ಹೊಸ ಮಕ್ಕಳು ಬಂದರು.

ಕೇಡಗಾವದ ಮುಕ್ತಿ

ಅಮೆರಿಕದ ನೆರವು ಹತ್ತು ವರ್ಷ ಮಾತ್ರ ಎಂಬುದು ರಮಾಬಾಯಿಯವರಿಗೆ ಗೊತ್ತಿತ್ತು. ಆದ್ದರಿಂದ ಅವರು ಮುಂದಾಲೋಚನೆ ಮಾಡಿ ಕೇಡಗಾವದಲ್ಲಿ ನೂರು ಎಕರೆ ಭೂಮಿಯನ್ನು ಕೊಂಡಿದ್ದರು. ಅಲ್ಲಿ ಹಣ್ಣಿನ ಗಿಡ ನೆಟ್ಟು, ಬಂದ ಆದಾಯದಿಂದ ಶಾಲೆ ನಡೆಸುವುದು ಅವರ ಯೋಜನೆಯಾಗಿತ್ತು. ಆದರೆ ಆ ಭೂಮಿಗೆ ಬೇರೊಂದು ಕೆಲಸ ಕಾದಿತ್ತು.

1896ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರಗಾಲ ಬಿದ್ದಿತು. ಸುದ್ದಿ ಕೇಳಿದ ರಮಾಬಾಯಿಯವರಿಗೆ ತಮ್ಮ ಬಾಲ್ಯ ನೆನಪಾಯಿತು. ರಾಯಚೂರಿನ ಆ ರೊಟ್ಟಿ, ತಲೆಯ ಮೇಲೆ ಹೊತ್ತ ತಾಯಿಯ ಚಟ್ಟ ಕಣ್ಣ ಮುಂದೆ ಬಂದಿರಬೇಕು. ಅವರು ತಾವೇ ಅಲ್ಲಿಗೆ ಹೊರಟರು. ಮರದ ಕೆಳಗೆ, ದಾರಿಯ ಬದಿಯಲ್ಲಿ ಎಲುಬು ಕಾಣುವಂತೆ ಬಿದ್ದಿದ್ದ ಹುಡುಗಿಯರನ್ನು ಕಂಡರು. ಹಣ ಎಲ್ಲಿಂದ ಬರುತ್ತದೆ ಎಂದು ಲೆಕ್ಕ ಹಾಕುತ್ತ ಕೂಡಲು ಸಮಯವಿರಲಿಲ್ಲ. ಸುಮಾರು ಮುನ್ನೂರು ಹುಡುಗಿಯರನ್ನೂ ಹೆಂಗಸರನ್ನೂ ಅವರು ಕರೆತಂದರು.

ಆಗ ಪುಣೆಯಲ್ಲಿ ಪ್ಲೇಗ್ ರೋಗ ಹರಡಿತ್ತು. ಅಷ್ಟು ಜನರನ್ನು ಊರಿನಲ್ಲಿ ಇಟ್ಟುಕೊಳ್ಳಲು ಅನುಮತಿ ಸಿಗಲಿಲ್ಲ. ರಮಾಬಾಯಿ ಎಲ್ಲರನ್ನೂ ಕೇಡಗಾವದ ಹೊಲಕ್ಕೆ ಕರೆದೊಯ್ದರು. ಮೊದಲು ಡೇರೆ, ಹುಲ್ಲಿನ ಗುಡಿಸಲುಗಳಲ್ಲಿ ವಾಸ. ಬಳಿಕ ಒಂದೊಂದಾಗಿ ಕಟ್ಟಡಗಳು ಎದ್ದವು. ಈ ಆಶ್ರಯಕ್ಕೆ ಮುಕ್ತಿ ಎಂದು ಹೆಸರಾಯಿತು. ಮುಕ್ತಿ ಎಂದರೆ ಬಿಡುಗಡೆ.

ಬಂದ ಹುಡುಗಿಯರನ್ನು ನೋಡಿಕೊಂಡವರು ಯಾರು ಗೊತ್ತೇ? ಶಾರದಾ ಸದನದಲ್ಲಿ ಓದಿದ ವಿಧವೆಯರೇ. ತಲೆ ಬಾಚುವುದು, ಹುಣ್ಣು ತೊಳೆಯುವುದು, ಗಂಜಿ ಕುಡಿಸುವುದು, ಅಕ್ಷರ ಕಲಿಸುವುದು ಎಲ್ಲವನ್ನೂ ಅವರು ಮಾಡಿದರು. ಮನೆಗೆ ಭಾರವೆಂದು ಜನ ತಿಳಿದಿದ್ದ ಹೆಂಗಸರು ನೂರಾರು ಮಕ್ಕಳಿಗೆ ತಾಯಂದಿರಾದರು. ಇನ್ನೊಬ್ಬರ ಸೇವೆಯಲ್ಲಿ ಅವರ ದುಃಖವೂ ಹಗುರಾಯಿತು.

1900ರಲ್ಲಿ ಗುಜರಾತದ ಕಡೆ ಮತ್ತೊಂದು ಘೋರ ಬರಗಾಲ ಬಂದಾಗ ರಮಾಬಾಯಿ ತಮ್ಮ ಸಹಾಯಕಿಯರನ್ನು ಕಳುಹಿಸಿ ನೂರಾರು ಜನರನ್ನು ಕರೆಸಿಕೊಂಡರು. ಆ ವರ್ಷಗಳಲ್ಲಿ ಮುಕ್ತಿಯಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರ ಬಂದಿತು. ಕೇಡಗಾವದ ಸುತ್ತಲೂ ಮಳೆ ಕಡಿಮೆ. ಅಷ್ಟು ಜನರಿಗೆ ನೀರು ಬೇಕಲ್ಲವೇ? ಅವರು ಬಾವಿಗಳನ್ನು ತೋಡಿಸಿದರು. ಕಾಯಿಪಲ್ಲೆ ಬೆಳೆಸಿದರು, ದನ ಸಾಕಿದರು.

ಓದಿನ ಜೊತೆಗೆ ಪ್ರತಿಯೊಬ್ಬರೂ ಒಂದು ಕೈಕೆಲಸ ಕಲಿಯಬೇಕಾಗಿತ್ತು. ಮಗ್ಗದಲ್ಲಿ ಬಟ್ಟೆ ನೇಯುವುದು, ಗಾಣದಲ್ಲಿ ಎಣ್ಣೆ ತೆಗೆಯುವುದು, ಹೊಲಿಗೆ, ಹೈನು, ಬೇಸಾಯ, ಅಚ್ಚುಕೂಟದ ಕೆಲಸ ಎಲ್ಲವೂ ಅಲ್ಲಿದ್ದವು. ಪುರಾಣ ಓದುವುದರ ಹೊರತು ಬೇರೆ ಕೆಲಸ ತಿಳಿಯದೆ ತಮ್ಮ ಕುಟುಂಬ ಪಟ್ಟ ಪಾಡನ್ನು ರಮಾಬಾಯಿ ಮರೆತಿರಲಿಲ್ಲ. ಮಗಳು ಮನೋರಮಾ ಬ್ರೈಲ್ ಲಿಪಿಯನ್ನು ಕಲಿತು ಬಂದರು. ಕಣ್ಣು ಕಾಣದವರು ಬೆರಳಿನಿಂದ ಮುಟ್ಟಿ ಓದುವ ಉಬ್ಬು ಚುಕ್ಕೆಗಳ ಲಿಪಿ ಅದು. ಮುಕ್ತಿಯ ಅಂಧ ಹುಡುಗಿಯರೂ ಓದುವಂತಾದರು. ಸಮಾಜ ದೂರ ತಳ್ಳಿದ ಹೆಂಗಸರಿಗಾಗಿ ಕೃಪಾ ಸದನ ಎಂಬ ಬೇರೆಯ ಮನೆ ಇತ್ತು. ಇಂಗ್ಲೆಂಡಿನಲ್ಲಿ ಕಂಡದ್ದನ್ನು ಅವರು ಇಲ್ಲಿ ಮಾಡಿ ತೋರಿಸಿದರು.

ಮುಕ್ತಿಯಲ್ಲಿ ಯಾವ ಜಾತಿಯೆಂದು ಕೇಳುತ್ತಿರಲಿಲ್ಲ. ಅಲ್ಲಿ ಕ್ರೈಸ್ತ ಪ್ರಾರ್ಥನೆ ನಡೆಯುತ್ತಿತ್ತು, ಬೈಬಲ್ ಕಲಿಸುತ್ತಿದ್ದರು. ಇದನ್ನು ಒಪ್ಪದೆ ಟೀಕಿಸಿದವರೂ ಇದ್ದರು. ರಮಾಬಾಯಿ ಇದನ್ನು ಯಾರಿಂದಲೂ ಮುಚ್ಚಿಡಲಿಲ್ಲ.

ಸತ್ಯ ಹೇಳುವಾಗ ಎದುರಿಗೆ ಯಾರಿದ್ದಾರೆ ಎಂದು ಅವರು ನೋಡುತ್ತಿರಲಿಲ್ಲ. 1897ರಲ್ಲಿ ಪ್ಲೇಗಿನ ಆಸ್ಪತ್ರೆಗೆ ಒಯ್ದ ಅವರ ಆಶ್ರಯದ ಹುಡುಗಿಯೊಬ್ಬಳಿಗೆ ಅನ್ಯಾಯವಾಯಿತು. ರಮಾಬಾಯಿ ಪತ್ರಿಕೆಗೆ ಬರೆದು ಬ್ರಿಟಿಷ್ ಸರಕಾರದ ವ್ಯವಸ್ಥೆಯನ್ನು ಬಹಿರಂಗವಾಗಿ ಪ್ರಶ್ನಿಸಿದರು. ಸರಕಾರದವರು ತಮ್ಮ ಧರ್ಮದವರೇ ಎಂದು ಅವರು ಸುಮ್ಮನಿರಲಿಲ್ಲ.

ಎಲ್ಲರಿಗೂ ತಿಳಿಯುವ ಮಾತು

ಆಗ ಮರಾಠಿ ಬೈಬಲ್ಲಿನ ಭಾಷೆ ಹಳ್ಳಿಯ ಹೆಂಗಸರಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಅದನ್ನು ಸರಳ ಮರಾಠಿಯಲ್ಲಿ ಹೊಸದಾಗಿ ಬರೆಯಬೇಕು ಎಂದು ರಮಾಬಾಯಿ ನಿಶ್ಚಯಿಸಿದರು. ಅದಕ್ಕಾಗಿ ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿತರು. ಆಗ ಅವರ ವಯಸ್ಸು ನಲವತ್ತನ್ನು ದಾಟಿತ್ತು. ಸಂಸ್ಕೃತದಲ್ಲಿ ಪಂಡಿತಾ ಎನಿಸಿಕೊಂಡವರು ತಮ್ಮ ಪಾಂಡಿತ್ಯವನ್ನು ತೋರಿಸಲಿಲ್ಲ. ಅಡಿಗೆಮನೆಯ ಹೆಂಗಸಿಗೂ ಹೊಲದ ಆಳಿಗೂ ತಿಳಿಯುವ ಮಾತುಗಳನ್ನೇ ಹುಡುಕಿ ಬರೆದರು. ಮುಕ್ತಿಯ ಅಚ್ಚುಕೂಟದಲ್ಲಿ ಅಲ್ಲಿಯ ಹೆಣ್ಣುಮಕ್ಕಳೇ ಅಕ್ಷರದ ಮೊಳೆ ಜೋಡಿಸಿ ಅಚ್ಚು ಮಾಡಿದರು. ಈ ಕೆಲಸ ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ನಡೆಯಿತು.

ಮನೋರಮಾ ತಾಯಿಯ ಬಲಗೈಯಾಗಿದ್ದರು. ಅಂದಿನ ನಿಜಾಮ ರಾಜ್ಯದ ಗುಲಬರ್ಗಾದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, 1912ರ ಸುಮಾರಿಗೆ ಒಂದು ಶಾಲೆ ಆರಂಭವಾಯಿತು. ಅದರ ಹೊಣೆಯನ್ನೂ ಮನೋರಮಾ ಹೊತ್ತರು. ಹೀಗೆ ರಮಾಬಾಯಿಯವರ ಸೇವೆ ಕನ್ನಡ ಸೀಮೆಗೂ ತಲುಪಿತು.

1919ರಲ್ಲಿ ಸರಕಾರ ರಮಾಬಾಯಿಯವರಿಗೆ ಕೈಸರ್-ಎ-ಹಿಂದ್ ಪದಕವನ್ನು ನೀಡಿತು. ಆದರೆ 1921ರ ಜುಲೈಯಲ್ಲಿ ದೊಡ್ಡ ಆಘಾತವೊಂದು ಬಂದೆರಗಿತು. ಒಬ್ಬಳೇ ಮಗಳು ಮನೋರಮಾ ತೀರಿಕೊಂಡರು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಕೊನೆಗೆ ಮಗಳು. ಎಲ್ಲರನ್ನೂ ಕಳೆದುಕೊಂಡ ರಮಾಬಾಯಿಯವರ ಶರೀರ ಬಳಲಿತ್ತು, ಕಿವಿ ಕೇಳುತ್ತಿರಲಿಲ್ಲ. ಆದರೂ ಅವರು ಬೈಬಲ್ಲಿನ ಕೆಲಸವನ್ನು ಬಿಡಲಿಲ್ಲ. ಕೊನೆಯ ಪುಟಗಳ ತಿದ್ದುಪಡಿಯನ್ನು ಮುಗಿಸಿದರು. 1922ನೆಯ ಏಪ್ರಿಲ್ 5ರಂದು ಅವರು ಕಣ್ಣು ಮುಚ್ಚಿದರು. ಅವರು ಬರೆದ ಬೈಬಲ್ 1924ರಲ್ಲಿ ಪೂರ್ತಿಯಾಗಿ ಪ್ರಕಟವಾಯಿತು.

1989ರಲ್ಲಿ ಭಾರತ ಸರಕಾರ ಅವರ ನೆನಪಿಗಾಗಿ ಅಂಚೆಚೀಟಿಯನ್ನು ಹೊರತಂದಿತು. ಅವರು ಸ್ಥಾಪಿಸಿದ ಮುಕ್ತಿ ಸಂಸ್ಥೆ ಕೇಡಗಾವದಲ್ಲಿ ಇಂದಿಗೂ ಕೆಲಸ ಮಾಡುತ್ತಿದೆ.

ಮಕ್ಕಳೇ, ದೇವರನ್ನು ಜನ ಬೇರೆ ಬೇರೆ ಹೆಸರಿನಿಂದ ಕರೆಯುತ್ತಾರೆ, ಬೇರೆ ಬೇರೆ ರೀತಿಯಲ್ಲಿ ಪೂಜಿಸುತ್ತಾರೆ. ರಮಾಬಾಯಿ ತಾವು ಆರಿಸಿಕೊಂಡ ದಾರಿಯಲ್ಲಿ ಪ್ರಾಮಾಣಿಕವಾಗಿ ನಡೆದರು. ನಂಬಿಕೆಯನ್ನು ಬಾಯಿಮಾತಿನಲ್ಲಿ ಉಳಿಸದೆ ರೊಟ್ಟಿಯಾಗಿ, ಬಾವಿಯ ನೀರಾಗಿ, ಅಕ್ಷರವಾಗಿ ಇತರರಿಗೆ ಹಂಚಿದರು. ಹಸಿದ ಹುಡುಗಿಯೊಬ್ಬಳು ತನ್ನ ಹಸಿವನ್ನು ಮರೆಯದಿದ್ದುದರಿಂದ ಸಾವಿರಾರು ಹುಡುಗಿಯರ ಹಸಿವು ತಣಿಯಿತು.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1. ರಮಾಬಾಯಿಯವರಿಗೆ ಸಂಸ್ಕೃತ ಕಲಿಸಿದವರು ಯಾರು?
2. ಪಂಡಿತಾ ಎಂಬ ಬಿರುದು ಅವರಿಗೆ ಯಾವ ನಗರದಲ್ಲಿ ದೊರೆಯಿತು?
3. ಶಾರದಾ ಸದನ ಎಂದು ಆರಂಭವಾಯಿತು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
1. ರಾಯಚೂರಿನಲ್ಲಿ ನಡೆದ ಘಟನೆಯನ್ನು ನಿಮ್ಮ ಮಾತಿನಲ್ಲಿ ಹೇಳಿರಿ.
2. ರಮಾಬಾಯಿ ಪ್ರಾರ್ಥನೆಯ ಕೋಣೆಯ ಬಾಗಿಲನ್ನು ಏಕೆ ಮುಚ್ಚಲಿಲ್ಲ? ಪಾಲಕರಿಗೆ ಏಕೆ ಹೆದರಿಕೆಯಾಯಿತು?
3. ಮುಕ್ತಿಯಲ್ಲಿ ಓದಿನ ಜೊತೆಗೆ ಕೈಕೆಲಸವನ್ನು ಏಕೆ ಕಲಿಸುತ್ತಿದ್ದರು?

ಇ. ಮಾಡಿ ನೋಡಿರಿ.
ನಿಮ್ಮ ಊರಿನಲ್ಲಿ ಬರಗಾಲ ಬಿದ್ದಾಗ ಜನ ಒಬ್ಬರಿಗೊಬ್ಬರು ಹೇಗೆ ನೆರವಾದರು ಎಂಬುದನ್ನು ಅಜ್ಜ ಅಜ್ಜಿಯರನ್ನು ಕೇಳಿ ತಿಳಿದು, ಹತ್ತು ವಾಕ್ಯಗಳಲ್ಲಿ ಬರೆಯಿರಿ.